ಜಾಗ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ: ಮಂಗಳೂರು, ಉಡುಪಿಯವರಿಗೆ ಸಮಗ್ರ ಮಾರ್ಗದರ್ಶಿ

ಜಾಗ ಮಾರುವವರು, ತೆಗೆದುಕೊಳ್ಳುವವರು, ಮಕ್ಕಳ ಹೆಸರಿಗೆ ಬರೆದುಕೊಡುವವರು ಎಲ್ಲರೂ ಮೊದಲು ಕೇಳುವುದು ಒಂದೇ. "ರಿಜಿಸ್ಟ್ರೇಶನ್‌ಗೆ ಎಷ್ಟಾಗ್ತದೆ?" ಲೆಕ್ಕ ಮುಂದೆ ಇದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಜಾಗ ಈಗ ಇರುವವರ ಕೈಗೆ ಬಂದದ್ದು ಹೇಗೆ?

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಜಾಸ್ತಿ ತೂಕ. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು. ಆಗಿನ ವರ್ಗ, ಕುಮ್ಕಿ, ಮೂಲಗೇಣಿ ಎಂಬ ಜಾಗದ ಬಗೆಗಳು, ತಾಯಿಯ ಕಡೆಯಿಂದ ವಾರಸು ಬರುವ ಅಳಿಯಸಂತಾನ ಎಲ್ಲವೂ ಕಾಗದದಲ್ಲಿ ಇನ್ನೂ ಜೀವಂತವಾಗಿವೆ. ಘಟ್ಟದ ಮೇಲಿನ ಮಾದರಿ ಪತ್ರವನ್ನು ಇಲ್ಲಿಗೆ ತಂದು ಹೆಸರು ಬದಲಾಯಿಸಿದರೆ ಕೆಲಸ ಆಗುವುದಿಲ್ಲ.

ಮೊದಲ ಹೆಜ್ಜೆ: ಜಾಗದ ಬೇರು ಹುಡುಕಿ

ಕೃಷಿ ಜಾಗವಾದರೆ ಆರ್‌ಟಿಸಿ, ಅಂದರೆ ಪಹಣಿ ತೆಗೆಯಿರಿ. ಎಲ್ಲರೂ ನೋಡುವುದು ಕಲಂ 9. ಅಲ್ಲಿ ಹೆಸರು ಇರುತ್ತದೆ. ನೀವು ಕಲಂ 10ನ್ನೂ ನೋಡಿ. ಜಾಗ ಆ ಹೆಸರಿಗೆ ಬಂದ ರೀತಿ ಮತ್ತು ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ನಂಬರ್ ಅಲ್ಲಿದೆ. ಆ ನಂಬರ್ ಹಿಡಿದು ಮ್ಯುಟೇಶನ್ ಪ್ರತಿ ತೆಗೆದರೆ ಕ್ರಯವೋ, ಪೌತಿಯೋ (ತೀರಿಕೊಂಡವರಿಂದ ಬಂದದ್ದು), ವಿಭಾಗವೋ, ಸರ್ಕಾರದ ಮಂಜೂರಾತಿಯೋ ಗೊತ್ತಾಗುತ್ತದೆ. ಕಲಂ 11ರಲ್ಲಿ ಸೊಸೈಟಿ ಸಾಲ, ಬ್ಯಾಂಕ್ ಅಡವು, ಕೋರ್ಟ್ ತಡೆ ಇವೆಲ್ಲ ಕಾಣುತ್ತವೆ. ಯಾವತ್ತೋ ತೀರಿಸಿದ ಸಾಲ ಕೂಡ ಅಲ್ಲಿ ಹಾಗೇ ಉಳಿದಿರುತ್ತದೆ. ಸಾಲ ಕೊಟ್ಟವರಿಂದ ತೀರುವಳಿ ಪತ್ರ ತಂದು ತೆಗೆಸದೆ ಮುಂದೆ ಹೋಗಬೇಡಿ.

ಇನ್ನು ಜಾಗದ ಜಾತಕ.

ವರ್ಗ ಜಾಗವಾದರೆ ಸ್ವಲ್ಪ ನಿರಾಳ, ಪಟ್ಟಾ (ಮಾಲಿಕತ್ವದ) ಹಕ್ಕು ಇರುವ ಜಾಗ ಅದು. ಆದರೆ "ಒಂದೂವರೆ ಎಕ್ರೆ ವರ್ಗ, ಅದಕ್ಕೆ ತಾಗಿ ಎರಡು ಎಕ್ರೆ ಕುಮ್ಕಿ, ಒಟ್ಟು ಮೂರೂವರೆ" ಎಂದು ಯಾರಾದರೂ ಹೇಳಿದರೆ ನೀವು ಕೊಳ್ಳುತ್ತಿರುವುದು ಒಂದೂವರೆ ಎಕ್ರೆ ಮಾತ್ರ. ಕುಮ್ಕಿ ಸರ್ಕಾರದ ಜಾಗ. ವರ್ಗದಾರನಿಗೆ ಅಲ್ಲಿ ಸೊಪ್ಪು, ಸೌದೆ, ಹುಲ್ಲಿನ ಸವಲತ್ತು ಇದೆಯೇ ಹೊರತು ಮಾರುವ ಹಕ್ಕಿಲ್ಲ. ಅಲ್ಲಿ ಅಡಿಕೆ ತೋಟವೇ ಎದ್ದು ನಿಂತಿದ್ದರೂ ಅಷ್ಟೇ. ಕುಮ್ಕಿಗೂ ಸೇರಿಸಿ ರೇಟ್ ಹೇಳುವವರು ಇದ್ದಾರೆ. ಚೌಕಾಶಿ ಮಾಡುವಾಗ ನೆನಪಿರಲಿ.

ಡಿಕ್ಲರೇಶನ್ ಜಾಗ ಎಂದರೆ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ್ದು. 1974ರ ತಿದ್ದುಪಡಿಯ ನಂತರ ಹಕ್ಕು ಕೇಳುವ ಅರ್ಜಿಯಾದ ಫಾರ್ಮ್ 7 ಹಾಕಿ, ಭೂನ್ಯಾಯ ಮಂಡಳಿಯ ಆದೇಶವಾಗಿ, ಹಕ್ಕಿನ ಪತ್ರವಾದ ಫಾರ್ಮ್ 10 ಬಂದಿರುತ್ತದೆ. ಇಂಥ ಜಾಗವನ್ನು ಆದೇಶದ ನಂತರ 15 ವರ್ಷ ಮಾರುವ ಹಾಗಿರಲಿಲ್ಲ. ಹೆಚ್ಚಿನ ಕಡೆ ಆ ಅವಧಿ ಯಾವಾಗಲೋ ಮುಗಿದಿದೆ. ನಿಜವಾದ ಗಂಟು ಬೇರೆ. ಫಾರ್ಮ್ 7 ಹಾಕಿದ್ದು ಮನೆಯ ಹಿರಿಯ, ಆದರೆ ಗೇಣಿ ಇದ್ದದ್ದು ಇಡೀ ಕುಟುಂಬದ್ದು. ಹಾಗಿದ್ದಾಗ ಕಾಗದದಲ್ಲಿ ದೊಡ್ಡಪ್ಪನ ಹೆಸರು ಒಂದೇ ಇದ್ದರೂ ಅವರ ತಮ್ಮ, ತಂಗಿಯರ ಮಕ್ಕಳು ಪಾಲು ಕೇಳಿಕೊಂಡು ಬರಬಹುದು. ಕೋರ್ಟ್ ಕೂಡ ಅವರ ಮಾತು ಕೇಳುತ್ತದೆ. ಫಾರ್ಮ್ 10 ಮಾತ್ರವಲ್ಲ, ಮಂಡಳಿಯ ಆದೇಶದ ಪ್ರತಿಯನ್ನೂ ಓದಿ.

ಸರ್ಕಾರಿ ಜಾಗಕ್ಕೆ ಅರ್ಜಿ ಹಾಕುವ ದರ್ಖಾಸ್ತು, ಒತ್ತುವರಿ ಜಾಗವನ್ನು ಸಕ್ರಮ ಮಾಡುವ ಅಕ್ರಮ ಸಕ್ರಮ, ಇವುಗಳಲ್ಲಿ ಮಂಜೂರಾದ ಜಾಗವನ್ನು ಪರಭಾರೆ ಮಾಡಬಾರದು, ಅಂದರೆ ಬೇರೆಯವರಿಗೆ ಕೊಡಬಾರದು ಎಂಬ ಷರತ್ತು ಇರುತ್ತದೆ. ಅವಧಿ ಎಷ್ಟು ಎಂಬುದು ಮಂಜೂರಾತಿ ಪತ್ರದಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವಾದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು. ಅನುಮತಿ ಇಲ್ಲದ ಕ್ರಯ ಅಸಿಂಧು. ಎಷ್ಟು ದುಡ್ಡು ಕೊಟ್ಟಿದ್ದರೂ ಜಾಗ ವಾಪಸ್ ಹೋಗುತ್ತದೆ.

ಮೂಲಗೇಣಿ ಮುಖ್ಯವಾಗಿ ಪೇಟೆಯ ಕತೆ. ಮಂಗಳೂರು, ಉಡುಪಿಯ ಹಳೆ ಬೀದಿಗಳಲ್ಲಿ ಈಗಲೂ ಇದೆ. ಅಲ್ಲಿ ಮಾರುವವರ ಹತ್ತಿರ ಇರುವುದು ಶಾಶ್ವತ ಗೇಣಿಯ ಹಕ್ಕು. ಮೂಲಿ ಹಕ್ಕು (ಜಾಗದ ಮೂಲ ಮಾಲಿಕತ್ವ) ಇನ್ಯಾರದೋ. ಆ ಮೂಲಿ ಹಕ್ಕನ್ನು ಕೊಂಡುಕೊಂಡಿದ್ದಾರಾ, ಅದರ ಪತ್ರ ಇದೆಯಾ ಎಂದು ಕೇಳಿ. ಇಲ್ಲವಾದರೆ ಪತ್ರದಲ್ಲಿ "ಮೂಲಗೇಣಿ ಹಕ್ಕು ಮಾತ್ರ" ಎಂದೇ ಬರೆಯಬೇಕು. ಬ್ಯಾಂಕ್ ಸಾಲಕ್ಕೆ ಹೋದಾಗ ಇದೇ ಮೊದಲ ತಕರಾರು.

ಎರಡನೇ ಹೆಜ್ಜೆ: ಯಾರೆಲ್ಲ ಸಹಿ ಹಾಕಬೇಕು?

ತಾನೇ ದುಡಿದು ಕೊಂಡ ಜಾಗವಾದರೆ ಮಾಲಿಕರ ಒಂದು ಸಹಿ ಸಾಕು. ಹಿರಿಯರಿಂದ ಬಂದದ್ದಾದರೆ ಯಾವ ಕಾನೂನು ಅನ್ವಯ ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಒಂದೇ ರಸ್ತೆಯ ಮೂರು ಮನೆಗೆ ಮೂರು ಕಾನೂನು ಇರಬಹುದು.

ಸಾಮಾನ್ಯ ಹಿಂದೂ ಅವಿಭಕ್ತ ಕುಟುಂಬದಲ್ಲಿ 2005ರ ತಿದ್ದುಪಡಿಯ ನಂತರ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದನ್ನು ಇದು ಮುಟ್ಟುವುದಿಲ್ಲ. "ತಂಗಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಅವಳ ಸಹಿ ಬೇಡ" ಎನ್ನುವ ಅಣ್ಣಂದಿರು ಈಗಲೂ ಸಿಗುತ್ತಾರೆ. ಬೇಕು ಅಣ್ಣ, ಅವರ ಸಹಿಯೂ ಬೇಕು.

ಅಳಿಯಸಂತಾನದ ಕುಟುಂಬಗಳಲ್ಲಿ ವಿಷಯ ಇನ್ನೂ ಸೂಕ್ಷ್ಮ. ಕುಟುಂಬದ ಆಸ್ತಿಗೆ 1949ರ ಅಳಿಯಸಂತಾನ ಕಾಯ್ದೆ, ಕವರುಗಳ (ತಾಯಿ ಸಂತತಿಯ ಕವಲುಗಳ) ಲೆಕ್ಕ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಯಾರಾದರೂ ತೀರಿಕೊಂಡರೆ ಅವರ ಪಾಲು ಆ ಕಾಯ್ದೆಯ ಪ್ರಕಾರ ವಾರಸುದಾರರಿಗೆ ಹೋಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಅಳಿಯಸಂತಾನಕ್ಕೆ ಸೇರಿದ ಹೆಂಗಸು ವೀಲುನಾಮೆ ಬರೆಯದೆ ತೀರಿಕೊಂಡರೆ ಮೊದಲ ಸಾಲಿನ ವಾರಸುದಾರರು ಮಕ್ಕಳು ಮತ್ತು ತಾಯಿ. ಗಂಡ ಬರುವುದು ಎರಡನೇ ಸಾಲಿನಲ್ಲಿ, ತಂದೆಯ ಜೊತೆ. ಬೇರೆ ಹಿಂದೂ ಮನೆಗಳಲ್ಲಿ ಗಂಡ ಮಕ್ಕಳ ಜೊತೆ ಮೊದಲ ಸಾಲಿನಲ್ಲೇ ಇರುತ್ತಾನೆ. ಹಾಗಾಗಿ ವಂಶವೃಕ್ಷ ಬರೆಸುವಾಗ ಯಾವ ಕಟ್ಟು, ಅಂದರೆ ಅಳಿಯಸಂತಾನವೋ ಅಲ್ಲವೋ ಎಂದು ಮೊದಲೇ ವಕೀಲರಿಗೆ ಹೇಳಿಬಿಡಿ.

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಮುಸ್ಲಿಮರಲ್ಲಿ ಶರೀಅತ್ ಪ್ರಕಾರ ಮಗಳಿಗೆ ಮಗನ ಪಾಲಿನ ಅರ್ಧ, ಮತ್ತು ವೀಲುನಾಮೆಯಲ್ಲಿ ಹೊರಗಿನವರಿಗೆ ಕೊಡಬಹುದಾದದ್ದು ಮೂರರಲ್ಲಿ ಒಂದು ಭಾಗ ಮಾತ್ರ. ಬಾಯಿಮಾತಿನ ಹಿಬಾ (ದಾನ) ಸಿಂಧು ನಿಜ. ಆದರೆ ಖಾತೆ ಬದಲಾಯಿಸಲು ಹೋದರೆ ಕಾಗದ ಕೇಳುತ್ತಾರೆ, ಆದ್ದರಿಂದ ನೋಂದಣಿ ಮಾಡಿಸಿಟ್ಟರೆ ಒಳ್ಳೆಯದು.

ಪಾಲುದಾರರಲ್ಲಿ 18 ತುಂಬದ ಹಿಂದೂ ಮಗು ಇದ್ದು, ಜಾಗ ಆ ಮಗುವಿನ ಸ್ವಂತದ್ದಾದರೆ ತಂದೆ ತಾಯಿ ಕೂಡ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ.

ಮೂರನೇ ಹೆಜ್ಜೆ: ಯಾವ ಪತ್ರ?

ದುಡ್ಡಿಗೆ ಕೊಟ್ಟರೆ ಕ್ರಯಪತ್ರ. ಇದರಲ್ಲಿ ಗೊಂದಲ ಇಲ್ಲ.

ಮನೆಯೊಳಗೆ ಕೊಡುವುದಾದರೆ ದಾನಪತ್ರ. ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರ ನಡುವೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇಕಡಾವಾರು ಅಲ್ಲ, ಕೆಲವೇ ಸಾವಿರದ ನಿಗದಿತ ಮೊತ್ತ. ಕೋಟಿಯ ಮನೆಯಾದರೂ ಅಷ್ಟೇ. ಇಬ್ಬರು ಸಾಕ್ಷಿಗಳು ಬೇಕು. ಕೊಡುವವರು ಬದುಕಿರುವಾಗಲೇ ತೆಗೆದುಕೊಳ್ಳುವವರು ಒಪ್ಪಿಕೊಂಡಿರಬೇಕು.

ಇಲ್ಲಿ ಹಿರಿಯರಿಗೆ ಒಂದು ಮಾತು. ದಾನಪತ್ರ ಬರೆದ ಮೇಲೆ ಸುಮ್ನೆ ಮನಸ್ಸು ಬದಲಾಯಿತು ಎಂದು ರದ್ದು ಮಾಡಲು ಆಗುವುದಿಲ್ಲ. ಅದಕ್ಕೇ ಎರಡು ವಾಕ್ಯ ಪತ್ರದಲ್ಲೇ ಬರೆಸಿ. ಒಂದು, ನಾವಿಬ್ಬರೂ ಬದುಕಿರುವಷ್ಟು ದಿನ ಈ ಮನೆಯಲ್ಲಿ ವಾಸಿಸುವ, ಬಾಡಿಗೆ ಮತ್ತು ಫಸಲು ಅನುಭವಿಸುವ ಹಕ್ಕು ನಮ್ಮದೇ. ಎರಡು, ನಮ್ಮ ಊಟ ಉಪಚಾರ, ಔಷಧಿ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಈ ದಾನ. ಈ ಎರಡನೇ ವಾಕ್ಯ ಇದ್ದರೆ, ನೋಡಿಕೊಳ್ಳದ ಮಗನ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಸಹಾಯಕ ಆಯುಕ್ತರ ಮುಂದೆ ಹೋಗಿ ದಾನವನ್ನು ರದ್ದು ಮಾಡಿಸಬಹುದು. ಉಡುಪಿ ಜಿಲ್ಲೆಯವರಿಗೆ ಆ ಕಚೇರಿ ಕುಂದಾಪುರದಲ್ಲಿ. "ಮಗನ ಹತ್ತಿರ ಷರತ್ತು ಹಾಕುವುದಾ, ಸರಿ ಕಾಣುವುದಿಲ್ಲ ಅಲ್ವಾ" ಎಂದು ಅಮ್ಮಂದಿರು ಹಿಂಜರಿಯುತ್ತಾರೆ. ನೋಡಿಕೊಳ್ಳುವ ಮಗನಿಗೆ ಆ ವಾಕ್ಯದಿಂದ ಏನೂ ತೊಂದರೆ ಇಲ್ಲ.

ಒಡಹುಟ್ಟಿದವರು ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ಒಬ್ಬರು ತಮ್ಮ ಪಾಲು ಬಿಟ್ಟುಕೊಡುವುದಾದರೆ ಹಕ್ಕು ಖುಲಾಸೆ ಪತ್ರ. ವೀಲುನಾಮೆ ಬೇರೆ ಜಾತಿಯದು. ಬರೆದವರು ತೀರಿಕೊಂಡ ಮೇಲೆಯೇ ಅದಕ್ಕೆ ಜೀವ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿ ಕಡ್ಡಾಯ. ಪಾಲು ಸಿಗುವವರನ್ನು ಸಾಕ್ಷಿ ಮಾಡಬೇಡಿ.

ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಟ್ಟು ಜಾಗ ಮಾರಿದೆವು ಎನ್ನುವುದು ಮಾರಾಟವೇ ಅಲ್ಲ. 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಯಾಗಿದೆ.

ನಾಲ್ಕನೇ ಹೆಜ್ಜೆ: ಕಾಗದ ಹೊಂದಿಸುವುದು

ಇಸಿ, ಅಂದರೆ ಋಣಭಾರ ಪತ್ರ ತೆಗೆಯಿರಿ, 30 ವರ್ಷದ್ದು. 2004ರ ಏಪ್ರಿಲ್‌ನಿಂದ ಈಚೆಗಿನದ್ದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಹಿಂದಿನದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆ ಪುಸ್ತಕವೇ ಗತಿ. ನೋಂದಣಿಯಾಗದ ವೀಲುನಾಮೆ, ಬಾಯಿಮಾತಿನ ಪಾಲು, ಕೋರ್ಟ್ ಕೇಸು ಇವು ಇಸಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಇಸಿ ಚೊಕ್ಕ ಇದೆ ಎಂದು ನೆಮ್ಮದಿಯಾಗಿ ಮಲಗಬೇಡಿ. ಪಕ್ಕದ ಮನೆಯವರ ಹತ್ತಿರ ಹತ್ತು ನಿಮಿಷ ಮಾತಾಡಿದರೆ ಇಸಿ ಹೇಳದ್ದು ಗೊತ್ತಾಗುತ್ತದೆ.

ಕೃಷಿಯೇತರ ಜಾಗ, ಮನೆ, ಫ್ಲ್ಯಾಟ್ ಆದರೆ ಇ-ಖಾತೆ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ಬೇಕು. 2024ರ ಅಕ್ಟೋಬರ್‌ನಿಂದ ಇಡೀ ರಾಜ್ಯದಲ್ಲಿ ಇದು ಕಡ್ಡಾಯ. ಪಾಲಿಕೆ, ನಗರಸಭೆ ವ್ಯಾಪ್ತಿಯಲ್ಲಿ ಇ-ಆಸ್ತಿಯ ನಮೂನೆ 3, ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. ಇದೇ ನಮ್ಮೂರಿನ ಪ್ರಸಿದ್ಧ ನೈನ್-ಇಲೆವೆನ್. "ಕನ್ವರ್ಶನ್ ಆಗಿದೆ, ಇನ್ನೇನು?" ಎಂದು ಮಾರುವವರು ಹೇಳಿದರೆ ಅಲ್ಲಿಗೆ ನಿಲ್ಲಬೇಡಿ. ಕನ್ವರ್ಶನ್ ಎಂದರೆ ಕೃಷಿಯಿಂದ ಬೇರೆ ಉದ್ದೇಶಕ್ಕೆ ಬದಲಾಯಿಸಲು ಅನುಮತಿ ಸಿಕ್ಕಿತು ಎಂದಷ್ಟೇ. ನಿವೇಶನದ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ, ಆಮೇಲೆ ನೈನ್-ಇಲೆವೆನ್, ಇವು ಬೇರೆಯೇ ಮೆಟ್ಟಿಲು. ಎಷ್ಟೋ ಐದು ಸೆಂಟ್ಸ್ ಜಾಗಗಳು ಕನ್ವರ್ಶನ್ ಆಗಿ ಇಲ್ಲೇ ಸಿಕ್ಕಿಹಾಕಿಕೊಂಡಿವೆ. ಇದು ಮಾರುವವರ ಕೆಲಸ. ಮುಗಿಯುವವರೆಗೆ ದೊಡ್ಡ ಮೊತ್ತ ಕೊಡಬೇಡಿ.

ಕೃಷಿ ಜಾಗಕ್ಕೆ ಆರ್‌ಟಿಸಿ ಸಾಕು. 2020ರಿಂದ ಕೃಷಿಕರಲ್ಲದವರೂ ಕೊಳ್ಳಬಹುದು. ಆದರೆ ಒಂದು ಸರ್ವೇ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಪ್ಲಾಟಿಂಗ್ ಆಗದೆ, ಅಂದರೆ ಒಬ್ಬೊಬ್ಬರ ಭಾಗ ಅಳೆದು ಬೇರೆ ಮಾಡದೆ ಹಲವರ ಹೆಸರು ಜಂಟಿಯಾಗಿರುವ ಜಾಗದಲ್ಲಿ ಜಾಸ್ತಿ ಸಮಯ ಹಿಡಿಯುವುದು ಇದಕ್ಕೇ. ಸರ್ವೇಯರ್ ಅಳೆಯಲು ಬಂದ ದಿನ ಖುದ್ದು ನಿಂತಿರಿ. ತೀರ್ವೆ (ಭೂಕಂದಾಯ) ರಶೀದಿ, ಕಟ್ಟಡ ತೆರಿಗೆ ರಶೀದಿಯನ್ನೂ ಜೊತೆಗೆ ಇಟ್ಟುಕೊಳ್ಳಿ.

ಐದನೇ ಹೆಜ್ಜೆ: ಎಗ್ರಿಮೆಂಟ್ ಮತ್ತು ದುಡ್ಡು

ಮಾತುಕತೆ ಮುಗಿದ ತಕ್ಷಣ ಕರಾರು ಬರೆದುಕೊಳ್ಳಿ. ದರ, ಮುಂಗಡ, ಯಾವ ಕಾಗದ ಯಾರು ಯಾವಾಗ ತರಬೇಕು, ತರದಿದ್ದರೆ ಏನು, ಇಷ್ಟು ಸ್ಪಷ್ಟ ಇರಲಿ. ಜಾಗವನ್ನು ಕೊಳ್ಳುವವರ ವಶಕ್ಕೆ ಬಿಟ್ಟುಕೊಡುವ ಮಾತು ಕರಾರಿನಲ್ಲೇ ಬಂದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಜಾಸ್ತಿ ನಗದಾಗಿ ತೆಗೆದುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ತೆಗೆದುಕೊಂಡಷ್ಟೇ ದಂಡ. ದರ 50 ಲಕ್ಷ ಅಥವಾ ಮೇಲೆ ಇದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಮಾರುವವರ ಪಾನ್ ಲೆಕ್ಕಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ 50 ಲಕ್ಷದ ಮಿತಿಯೂ ಇಲ್ಲ, ಶೇ. 1ರ ರಿಯಾಯಿತಿಯೂ ಇಲ್ಲ. ಹಿಡಿಯಬೇಕಾದದ್ದು ತುಂಬಾ ಜಾಸ್ತಿ. ದುಬೈಯಲ್ಲಿರುವವರ ಫ್ಲ್ಯಾಟ್ ಕೊಳ್ಳುವಾಗ ಮುಂಗಡ ಕೊಡುವ ಮೊದಲೇ ಆಡಿಟರ್ ಹತ್ತಿರ ಹೋಗಿ. ಮುಂಗಡಕ್ಕೂ ಟಿಡಿಎಸ್ ಇದೆ.

ಈಗ ಖರ್ಚಿನ ಲೆಕ್ಕ. ಮಂಗಳೂರು ಪಾಲಿಕೆ ವ್ಯಾಪ್ತಿಯ ಒಂದು ಮನೆಗೆ 60 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 3,00,000. ಅದರ ಮೇಲೆ ಶೇ. 10 ಸೆಸ್, 30,000. ಮತ್ತೆ ಮುದ್ರಾಂಕ ಶುಲ್ಕದ ಶೇ. 2 ಸರ್ಚಾರ್ಜ್, 6,000. ಹಳ್ಳಿಯಲ್ಲಾದರೆ ಇದು ಶೇ. 3. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, 1,20,000. ಒಟ್ಟು 4,56,000 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರದ ಪ್ರಕಾರ ಆ ಮನೆಗೆ 65 ಲಕ್ಷ ಬಂದರೆ ಲೆಕ್ಕ 65ರ ಮೇಲೆ. ಬರೆಯುವವರ ಫೀಸು ಬೇರೆ.

ಆರನೇ ಹೆಜ್ಜೆ: ಪತ್ರ ಓದುವುದು

ಕರಡು ಬಂದಾಗ ಎಲ್ಲರೂ ಹೆಸರು, ಮೊತ್ತ ನೋಡಿ ವಾಪಸ್ ಕೊಡುತ್ತಾರೆ. ಓದಬೇಕಾದದ್ದು ಜಾಗದ ಗಡಿ, ವಿವರ ಇರುವ ಕೊನೆಯ ಶೆಡ್ಯೂಲ್. ಹಳೆ ಪತ್ರಗಳಲ್ಲಿ ಹೀಗಿರುತ್ತದೆ: "ಮೂಡು ತೋಡು, ತೆಂಕು ದರೆ, ಪಡು ಅಗಳು, ಬಡಗು ಮಾಮೂಲು ದಾರಿ." ಈಗ ಆ ತೋಡು ಕಾಂಕ್ರೀಟ್ ಚರಂಡಿ, ಅಗಳು ಮುಚ್ಚಿ ಕಾಂಪೌಂಡ್, ದರೆ ಜೆಸಿಬಿಗೆ ಹೋಗಿದೆ. ಹಳೆ ಪತ್ರದ ಗಡಿಯನ್ನೇ ನಕಲು ಮಾಡಿದರೆ ಮುಂದೆ ಗಡಿ ಎಲ್ಲಿ ಎಂದು ಯಾರೂ ಹೇಳಲಾರರು. ಹಳೆಯದನ್ನೂ ಬರೆಯಿರಿ, ಈಗ ಅಲ್ಲಿ ಏನಿದೆ ಎಂಬುದನ್ನೂ ಸೇರಿಸಿ. ಅಳತೆ ಮಾಡಿದ ನಕ್ಷೆ ಜೊತೆಗಿರಲಿ.

ದಾರಿ ಮತ್ತು ನೀರು ಇನ್ನೊಂದು. ಅಣ್ಣ ತಮ್ಮ ಪಾಲಾಗುವಾಗ ಬಾವಿ ಒಬ್ಬರಿಗೆ, ಹಿಂದಿನ ಜಾಗ ಇನ್ನೊಬ್ಬರಿಗೆ ಹೋಗುತ್ತದೆ. ಇವತ್ತು ಮಾತಿದೆ, ಹಾಗಾಗಿ ಯಾರೂ ಬರೆಯುವುದಿಲ್ಲ. ನಾಳೆ ಒಬ್ಬರು ಮಾರಿದರೆ ಹೊಸಬರು ಗೇಟ್ ಹಾಕುತ್ತಾರೆ. ದಾರಿ ಎಷ್ಟು ಅಡಿ ಅಗಲ, ಯಾವ ಬದಿಯಲ್ಲಿ, ವಾಹನ ಹೋಗಬಹುದಾ, ಬಾವಿಗೆ ಪಂಪು ಇಡುವ ಹಕ್ಕು ಇದೆಯಾ, ಎಲ್ಲ ಬರೆಯಿರಿ. ಬರೀ "ಮಾಮೂಲು ದಾರಿ" ಎಂದರೆ ನಡೆದಾಡಲು ಮಾತ್ರ ಎಂದು ಹೊಸಬರು ವಾದ ಹೂಡುತ್ತಾರೆ.

ಏಳನೇ ಹೆಜ್ಜೆ: ನೋಂದಣಿ ದಿನ

ಕರಡು ಮತ್ತು ಕಾಗದಗಳನ್ನು ಕಾವೇರಿ 2.0 ಪೋರ್ಟಲ್‌ನಲ್ಲಿ ಹಾಕಬೇಕು. ಕಚೇರಿ ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ದಿನ, ಹೊತ್ತು ಆರಿಸಿಕೊಳ್ಳಬಹುದು. 2024ರಿಂದ ಜಿಲ್ಲೆಯೊಳಗೆ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಆಗುತ್ತದೆ. ಮಂಗಳೂರಲ್ಲಿ ರಶ್ ಇದ್ದರೆ ಮೂಡುಬಿದಿರೆ ನೋಡಿ, ಉಡುಪಿಯವರು ಕಾರ್ಕಳ, ಬ್ರಹ್ಮಾವರ ನೋಡಿ. ಆ ದಿನ ಅಸಲು ಗುರುತಿನ ಚೀಟಿ, ಪಾನ್ ಬೇಕು. ಫೋಟೊ, ಹೆಬ್ಬೆಟ್ಟು ಅಲ್ಲೇ ತೆಗೆಯುತ್ತಾರೆ. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರನ್ನು ಕುರ್ಚಿಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಬೇಕಾಗಿಲ್ಲ. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡಬಹುದು. ವೈದ್ಯರ ಪತ್ರ ಇಟ್ಟುಕೊಳ್ಳಿ. ಮುಂದೆ "ಅಜ್ಜನಿಗೆ ಬುದ್ಧಿ ಸ್ಥಿಮಿತ ಇರಲಿಲ್ಲ" ಎಂದು ಯಾರಾದರೂ ಎದ್ದರೆ ಅದು ಬೇಕಾಗುತ್ತದೆ.

ಗಲ್ಫ್‌ನಲ್ಲಿರುವವರು ಬರಲಾಗದಿದ್ದರೆ ಅಧಿಕಾರ ಪತ್ರ ಕಳಿಸಬಹುದು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಯಾವ ಜಾಗ, ಯಾವ ಸರ್ವೇ ನಂಬರ್, ಮಾರಬಹುದಾ, ದುಡ್ಡು ಯಾರ ಖಾತೆಗೆ ಎಂದು ಬಿಡಿಸಿ ಬರೆದಿರಲಿ. "ನನ್ನ ಎಲ್ಲ ವ್ಯವಹಾರ" ಎಂದು ಬರೆದುಕೊಟ್ಟರೆ ಒಂದು ದಿನ ಎಲ್ಲ ವ್ಯವಹಾರವೂ ಆಗಿಹೋಗಿರುತ್ತದೆ. ಇನ್ನೊಂದು, ಅನಿವಾಸಿಗಳು ಕೃಷಿ ಜಾಗವನ್ನು ವಾರಸಿನಿಂದ ಪಡೆಯಬಹುದು, ಕೊಳ್ಳುವ ಹಾಗಿಲ್ಲ. ಅಮ್ಮನ ತೋಟದ ಪಕ್ಕದ ಗದ್ದೆ ಎಷ್ಟೇ ಆಸೆ ಹುಟ್ಟಿಸಿದರೂ.

ಎಂಟನೇ ಹೆಜ್ಜೆ: ಖಾತೆ

ನೋಂದಣಿಯಾದ ದಿನ ಸ್ವೀಟ್ ಹಂಚಿ ಮರೆತುಬಿಡುವವರು ಜಾಸ್ತಿ. ಕೃಷಿ ಜಾಗದ ಮಾಹಿತಿ ತಾನಾಗಿ ಕಂದಾಯ ಇಲಾಖೆಯ 'ಭೂಮಿ' ಕಂಪ್ಯೂಟರ್ ವ್ಯವಸ್ಥೆಗೆ ಹೋಗುತ್ತದೆ, ನೋಟಿಸು ಹೊರಡುತ್ತದೆ, ತಕರಾರು ಇಲ್ಲದಿದ್ದರೆ ಮ್ಯುಟೇಶನ್ ಆಗುತ್ತದೆ. ಯಾರಾದರೂ ತಕರಾರು ಹಾಕಿದರೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ನಾಡಕಚೇರಿಯಲ್ಲಿ ಆಗಾಗ ವಿಚಾರಿಸಿ. ಮನೆ, ಫ್ಲ್ಯಾಟ್‌ಗೆ ಪಾಲಿಕೆಯಲ್ಲೋ ಪಂಚಾಯತ್‌ನಲ್ಲೋ ಖಾತೆ ಬದಲಾಗಿದೆಯಾ ನೋಡಿ. ಮೆಸ್ಕಾಂ ಮೀಟರ್, ನೀರಿನ ಸಂಪರ್ಕ, ಅಪಾರ್ಟ್‌ಮೆಂಟ್ ಸಂಘದ ಪುಸ್ತಕ ಇವಕ್ಕೆ ಬೇರೆ ಬೇರೆ ಅರ್ಜಿ.

ತೀರಿಕೊಂಡವರ ಜಾಗವಾದರೆ ಮರಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿ. ಅಜ್ಜನ ಹೆಸರಲ್ಲೇ ಎರಡು ತಲೆಮಾರು ಎಳೆದರೆ ಸಹಿ ಹಾಕಬೇಕಾದವರು ಮುಂಬೈ, ಮಸ್ಕತ್, ಬೆಂಗಳೂರು ಎಂದು ಹರಡಿಹೋಗಿರುತ್ತಾರೆ. ಪೌತಿ ಖಾತೆ ಒಬ್ಬರ ಹೆಸರಿಗಾದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ಖಾತೆ ತೆರಿಗೆ ಕಟ್ಟುವವರು ಯಾರು ಎಂದು ಹೇಳುತ್ತದೆ, ಮಾಲಿಕರು ಯಾರು ಎಂದು ಹೇಳುವುದು ಪತ್ರ ಮತ್ತು ಕಾನೂನು.

ಹೊಸ ಆರ್‌ಟಿಸಿ ಬಂದ ಮೇಲೆ ಕಲಂ 9ರಲ್ಲಿ ಹೆಸರಿನ ಕಾಗುಣಿತ, ಸೆಂಟ್ಸ್ ಲೆಕ್ಕ, ಹಿಸ್ಸಾ (ಸರ್ವೇ ನಂಬರಿನ ಉಪವಿಭಾಗ) ನಂಬರ್ ಮೂರನ್ನೂ ಪತ್ರದ ಜೊತೆ ತಾಳೆ ನೋಡಿ. ತಪ್ಪಿದ್ದರೆ ಆ ವಾರವೇ ತಿದ್ದುಪಡಿಗೆ ಅರ್ಜಿ ಹಾಕಿ. ಬರೆದುಕೊಟ್ಟವರು ಇನ್ನೂ ಫೋನ್ ತೆಗೆಯುತ್ತಿರುವಾಗ ಆ ಕೆಲಸ ಸುಲಭ.